ಕಾಲು ಊದಿದೆಯೇ? ವಿಟಮಿನ್ ಮಾತ್ರೆ ಕೊಳ್ಳುವ ಮೊದಲು ಮತ್ತು ಆಮೇಲೆ

ಸಂಜೆ ಹೊತ್ತಿಗೆ ಚಪ್ಪಲಿ ಬಿಗಿಯಾಗುತ್ತದೆ. ಸಾಕ್ಸ್ ಬಿಚ್ಚಿದರೆ ಅದರ ಅಚ್ಚು ಕಾಲಿನ ಸುತ್ತ ಹಾಗೇ ಉಳಿದಿರುತ್ತದೆ. ಬೆರಳಿನ ಉಂಗುರ ತಿರುಗುವುದಿಲ್ಲ. ಬೆಳಿಗ್ಗೆ ಎದ್ದರೆ ಕಣ್ಣಿನ ಕೆಳಗೆ ಉಬ್ಬಿರುತ್ತದೆ. ಇದನ್ನೆಲ್ಲ ಒಟ್ಟಿಗೆ ಸೇರಿಸಿ ನಾವು ‘ಮೈಯಲ್ಲಿ ನೀರು ತುಂಬಿಕೊಂಡಿದೆ’ ಎನ್ನುತ್ತೇವೆ, ಮೆಡಿಕಲ್ ಶಾಪಿಗೆ ಹೋಗಿ ‘ಊತಕ್ಕೆ ಯಾವುದಾದರೂ ವಿಟಮಿನ್ ಕೊಡಿ’ ಎಂದು ಕೇಳುತ್ತೇವೆ. ಅವರು ಒಂದು ಬಿ ಕಾಂಪ್ಲೆಕ್ಸ್ ಸ್ಟ್ರಿಪ್ ಕೊಟ್ಟು ಕಳಿಸುತ್ತಾರೆ. ಅದರಲ್ಲಿರುವ ಬಿ2ನಿಂದ ಮೂತ್ರ ಹಳದಿಯಾಗುತ್ತದೆ. ಊತ ಇದ್ದಲ್ಲೇ ಇರುತ್ತದೆ.

ವಿಟಮಿನ್‌ನಿಂದ ಊತ ಇಳಿಯುವುದೇ ಇಲ್ಲ ಎಂದೇನಲ್ಲ. ಯಾವ ವಿಟಮಿನ್ ಕಡಿಮೆಯಾಗಿ ಊತ ಬಂದಿದೆಯೋ ಆ ವಿಟಮಿನ್ ಕೊಟ್ಟರೆ ಇಳಿಯುತ್ತದೆ, ಕೆಲವೊಮ್ಮೆ ನಂಬಲಾಗದಷ್ಟು ಬೇಗ. ಕಾರಣ ಬೇರೆಯಾಗಿದ್ದರೆ ಎಷ್ಟು ಸ್ಟ್ರಿಪ್ ನುಂಗಿದರೂ ಅಷ್ಟೇ. ಹಾಗಾಗಿ ಈ ಲೇಖನದಲ್ಲಿ ಮಾತ್ರೆಯ ಮಾತು ಸ್ವಲ್ಪ ತಡವಾಗಿ ಬರುತ್ತದೆ.

ಮೊದಲು ಒತ್ತಿ ನೋಡಿ

ಕುರ್ಚಿಯಲ್ಲಿ ಕುಳಿತು, ಪಾದದ ಗಂಟಿಗಿಂತ ನಾಲ್ಕು ಬೆರಳು ಮೇಲೆ, ಕಣಕಾಲಿನ ಮುಂಭಾಗದ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಹತ್ತು ಸೆಕೆಂಡ್ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಬೆರಳು ತೆಗೆದ ಮೇಲೆ ಕಲಸಿದ ಹಿಟ್ಟಿಗೆ ಒತ್ತಿದ ಹಾಗೆ ಕುಳಿ ಉಳಿದು, ನಿಧಾನವಾಗಿ ತುಂಬಿಕೊಂಡರೆ ಅದು ನೀರಿನ ಊತ. ಕಾಲು ದಪ್ಪಗಾಗಿದ್ದೂ ಕುಳಿ ಬೀಳದಿದ್ದರೆ ಥೈರಾಯ್ಡ್ ಕಡಿಮೆಯಾಗಿರಬಹುದು, ದುಗ್ಧರಸ (ಲಿಂಫ್) ನಾಳಗಳ ಹಳೆಯ ತೊಂದರೆ ಇರಬಹುದು, ಅಥವಾ ಬರೀ ಕೊಬ್ಬಿರಬಹುದು. ಕರಾವಳಿಯಲ್ಲೂ ಬೀದರ್, ಕಲಬುರಗಿ ಕಡೆಯಲ್ಲೂ ಆನೆಕಾಲು ರೋಗವನ್ನು ಮರೆಯುವ ಹಾಗಿಲ್ಲ. ಅದು ಶುರುವಾದಾಗ ಕುಳಿ ಬೀಳುವ ಮೆತ್ತನೆಯ ಊತವೇ ಆಗಿರುತ್ತದೆ, ವರ್ಷಗಳಾದ ಮೇಲೆ ಚರ್ಮ ದಪ್ಪಗಟ್ಟುತ್ತದೆ. ಅದಕ್ಕೆ ಯಾವ ವಿಟಮಿನ್ನೂ ಮದ್ದಲ್ಲ.

ಎರಡೂ ಕಾಲು ಒತ್ತಿ ನೋಡಿ. ಒಂದೇ ಕಾಲು ದಿಢೀರನೆ ಊದಿ, ಮೀನಖಂಡ ನೋಯುತ್ತಿದ್ದು, ಮುಟ್ಟಿದರೆ ಬಿಸಿಯಾಗಿದ್ದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆಗ ಕಾಲು ನೀವಿಸಿಕೊಳ್ಳುತ್ತ ಮನೆಯಲ್ಲಿ ಕೂರಬಾರದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮಲಗಿದರೆ ಉಸಿರು ಕಟ್ಟಿದಂತಾಗಿ ಎದ್ದು ಕೂರುವ ಹಾಗಾಗುತ್ತಿದ್ದರೆ ಹೃದಯವನ್ನು ನೋಡಿಸಬೇಕು. ಬೆಳಿಗ್ಗೆ ಮುಖವೂ ರೆಪ್ಪೆಯೂ ಊದಿ, ಮೂತ್ರದಲ್ಲಿ ನೊರೆ ನಿಲ್ಲುತ್ತಿದ್ದರೆ ಮೂತ್ರಪಿಂಡವನ್ನು. ಹೊಟ್ಟೆ ಉಬ್ಬಿ ಕಣ್ಣು ಹಳದಿಯಾಗಿದ್ದರೆ ಲಿವರ್ ಅನ್ನು. ಗರ್ಭಿಣಿಯರಿಗೆ ಕೊನೆಯ ತಿಂಗಳುಗಳಲ್ಲಿ ಪಾದ ಸ್ವಲ್ಪ ಊದುವುದು ಸಾಮಾನ್ಯ. ಆದರೆ ಕೈ, ಮುಖ ಒಮ್ಮೆಲೇ ಊದಿ, ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಬಂದರೆ ರಾತ್ರಿಯಾದರೂ ಸರಿ, ಬಿಪಿ ನೋಡಿಸಲೇಬೇಕು. ‘ಬಸುರಿ ಕಾಲು ಊದೋದು ಇದ್ದದ್ದೇ’ ಎಂದು ಹಿರಿಯರು ಸಮಾಧಾನ ಹೇಳಿದರೂ ಕೇಳಬೇಡಿ.

ಇಷ್ಟು ತುರ್ತು ಏನೂ ಕಾಣದಿದ್ದರೆ ಒಂದು ವಾರ ಅಳತೆ ಬರೆದಿಡಿ. ಬೆಳಿಗ್ಗೆ ಶೌಚ ಮುಗಿಸಿ, ತಿಂಡಿಗೆ ಮುಂಚೆ, ಒಂದೇ ತಕ್ಕಡಿಯಲ್ಲಿ ತೂಕ ನೋಡಿ. ಒಂದು ಲೀಟರ್ ನೀರು ನಿಂತರೆ ಒಂದು ಕಿಲೋ ಏರುತ್ತದೆ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಊಟದಿಂದ ಬಂದ ತೂಕವಲ್ಲ, ಡಾಕ್ಟರಿಗೆ ತಿಳಿಸಬೇಕಾದ ತೂಕ. ಟೈಲರ್ ಟೇಪಿನಿಂದ ಪಾದದ ಗಂಟಿನ ಮೇಲಿನ ಸುತ್ತಳತೆಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೆಗೆಯಿರಿ. ಮುಂದೆ ಯಾವ ಮಾತ್ರೆ ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಎಂದು ಹೇಳಲು ಈ ಅಂಕಿಗಳೇ ಬೇಕಾಗುತ್ತವೆ.

ಮಾತ್ರೆ ಡಬ್ಬಿ ತೆರೆದು ನೋಡಿ

ಐವತ್ತು ದಾಟಿದವರ ಕಾಲೂತಕ್ಕೆ ಕಾರಣ ಎಷ್ಟೋ ಸಲ ಅವರ ಮಾತ್ರೆ ಡಬ್ಬಿಯಲ್ಲೇ ಇರುತ್ತದೆ. ಬಿಪಿಗೆ ಕೊಡುವ ಆಮ್ಲೋಡಿಪಿನ್ ಮೊದಲನೆಯದು. ಅದು ಸಣ್ಣ ರಕ್ತನಾಳಗಳನ್ನು ಅಗಲಿಸುತ್ತದೆ, ಅಲ್ಲಿಂದ ನೀರು ಹೊರಗೆ ಜಿನುಗಿ ಪಾದದಲ್ಲಿ ಇಳಿದು ನಿಲ್ಲುತ್ತದೆ. ಡೋಸ್ ಹೆಚ್ಚಿದಷ್ಟೂ ಊತ ಹೆಚ್ಚು. ಮೈಯಲ್ಲಿ ನೀರು ಹೆಚ್ಚಾಗಿ ಬಂದ ಊತ ಇದಲ್ಲವಾದ್ದರಿಂದ ಮೂತ್ರ ಹೋಗಿಸುವ ‘ನೀರಿನ ಮಾತ್ರೆ’ಗೂ ಇದು ಅಷ್ಟಾಗಿ ಬಗ್ಗುವುದಿಲ್ಲ. ಡಾಕ್ಟರು ಡೋಸ್ ಇಳಿಸಿದರೆ, ಜೊತೆಗೆ ಬೇರೆ ಮಾತ್ರೆ ಸೇರಿಸಿದರೆ, ಇಲ್ಲವೇ ಮಾತ್ರೆಯನ್ನೇ ಬದಲಿಸಿದರೆ ಇಳಿಯುತ್ತದೆ. ನೀವಾಗಿಯೇ ನಿಲ್ಲಿಸಿಬಿಟ್ಟರೆ ಕಾಲಿನ ಊತ ಹೋಗಿ ಬಿಪಿ ಏರಿ ಕೂರುತ್ತದೆ.

ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು ಉಪ್ಪು ನೀರು ಎರಡನ್ನೂ ದೇಹದಲ್ಲಿ ಹಿಡಿದಿಡುತ್ತವೆ. ಸ್ಟಿರಾಯ್ಡ್, ಸಕ್ಕರೆ ಕಾಯಿಲೆಯ ಪಯೋಗ್ಲಿಟಜೋನ್, ನರದ ನೋವಿಗೆ ಕೊಡುವ ಪ್ರಿಗಾಬಲಿನ್ ಕೂಡ ಇದೇ ಸಾಲಿನವು. ಮಂಡಿನೋವಿಗೆಂದು ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ಪುಡಿಯ ಬಗ್ಗೆ ಒಂದು ಮಾತು: ಎರಡೇ ದಿನದಲ್ಲಿ ನೋವು ಮಾಯವಾಗಿ, ತಿಂಗಳೊಳಗೆ ಮುಖ ದುಂಡಗಾಗಿದ್ದರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿರಬಹುದು. ಪೊಟ್ಟಣವನ್ನೇ ಡಾಕ್ಟರ ಹತ್ತಿರ ಒಯ್ಯಿರಿ. ಬಹಳ ದಿನ ತಿಂದಿದ್ದರೆ ಏಕಾಏಕಿ ನಿಲ್ಲಿಸುವುದೂ ಅಪಾಯ.

ಬಿ1: ಊತಕ್ಕೆ ನಿಜವಾಗಿ ಸಂಬಂಧಪಟ್ಟ ವಿಟಮಿನ್

ವಿಟಮಿನ್‌ಗಳ ಪೈಕಿ ಊತದ ಜೊತೆ ಅತಿ ಗಟ್ಟಿಯಾದ ನಂಟಿರುವುದು ಬಿ1ಗೆ, ಅಂದರೆ ಥಯಾಮಿನ್‌ಗೆ. ಇದು ತೀರಾ ಕಡಿಮೆಯಾದರೆ ಬರುವ ಕಾಯಿಲೆ ಬೆರಿಬೆರಿ. ಅದರಲ್ಲಿ ಎರಡು ಬಗೆ. ಒಂದರಲ್ಲಿ ನರಗಳು ಸೋತು ಕಾಲು ಜೋಮು ಹಿಡಿಯುತ್ತದೆ. ಇನ್ನೊಂದರಲ್ಲಿ ರಕ್ತನಾಳಗಳು ಸಡಿಲಗೊಂಡು, ಹೃದಯ ಅಳತೆ ಮೀರಿ ದುಡಿದು, ಮೂತ್ರಪಿಂಡ ಉಪ್ಪನ್ನು ಬಿಡದೆ ಹಿಡಿದುಕೊಂಡು ಕಾಲಿನಿಂದ ಹೊಟ್ಟೆಯವರೆಗೆ ಊದುತ್ತದೆ. ಈ ಎರಡನೆಯ ಬಗೆಯಲ್ಲಿ ಥಯಾಮಿನ್ ಇಂಜೆಕ್ಷನ್ ಕೊಟ್ಟರೆ ಗಂಟೆಗಳಲ್ಲಿ, ದಿನಗಳಲ್ಲಿ ರೋಗಿ ಚೇತರಿಸಿಕೊಳ್ಳುತ್ತಾರೆ.

ಇದರ ಮೂಲ ಹಿಡಿದದ್ದು ಜಾವಾ ದ್ವೀಪದಲ್ಲಿ. ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯರು 1890ರ ದಶಕದಲ್ಲಿ ಅಲ್ಲಿ ಬೆರಿಬೆರಿಗೆ ಕಾರಣವಾದ ರೋಗಾಣುವನ್ನು ಹುಡುಕುತ್ತಿದ್ದರು. ಪಾಲಿಷ್ ಮಾಡಿದ ಅನ್ನ ತಿಂದ ಕೋಳಿಗಳ ಕಾಲು ಸೋಲುವುದನ್ನೂ, ತವುಡು ಉಳಿದ ಅಕ್ಕಿ ಹಾಕಿದಾಗ ಅವು ಸರಿಹೋಗುವುದನ್ನೂ ಗಮನಿಸಿದರು. 1929ರಲ್ಲಿ ಅವರಿಗೆ ನೊಬೆಲ್ ಬಂತು. ಅಕ್ಕಿಯ ಹೊರಪದರದಲ್ಲಿದ್ದ ಆ ವಸ್ತುವೇ ಥಯಾಮಿನ್.

ನಮ್ಮ ಕರಾವಳಿಯ ಕುಚ್ಚಲಕ್ಕಿ ಇಲ್ಲಿ ಬರುತ್ತದೆ. ಭತ್ತವನ್ನು ಸಿಪ್ಪೆ ಸಮೇತ ನೆನೆಸಿ, ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟಿಸುವುದರಿಂದ ತವುಡಿನಲ್ಲಿದ್ದ ಬಿ1ನ ಒಂದು ಪಾಲು ಬೇಯುವಾಗಲೇ ಕಾಳಿನೊಳಗೆ ಇಳಿದಿರುತ್ತದೆ. ಆಮೇಲೆ ಎಷ್ಟು ಪಾಲಿಷ್ ಮಾಡಿದರೂ ಪೂರ್ತಿ ಹೋಗುವುದಿಲ್ಲ. ಹಳೆಯ ಮದ್ರಾಸ್ ಪ್ರಾಂತ್ಯದಲ್ಲಿ ಬೆರಿಬೆರಿ ಕಾಡಿದ್ದು ಹೆಚ್ಚಾಗಿ ಬೆಳ್ತಿಗೆ ಅಕ್ಕಿ (ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿ) ಉಣ್ಣುತ್ತಿದ್ದ ಆಂಧ್ರದ ಕರಾವಳಿಯನ್ನು. ಕುಚ್ಚಲಕ್ಕಿ ಗಂಜಿ ‘ಬಡವರ ಊಟ’ ಎಂದು ಮೂಗು ಮುರಿದವರು ಇದನ್ನು ಓದಬೇಕು. ಗಂಜಿಯ ಪಕ್ಕದಲ್ಲಿ ಕೂರುವ ಉಪ್ಪಿನಕಾಯಿಯ ವಿಷಯ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಯಾರಿಗೆ ಬಿ1 ಕಡಿಮೆಯಾಗುತ್ತದೆ? ದಿನವೂ ಕುಡಿಯುವವರು ಮೊದಲ ಸಾಲಿನಲ್ಲಿದ್ದಾರೆ, ಊಟ ಬಿಟ್ಟು ಕುಡಿಯುವವರಂತೂ ಇನ್ನೂ ಹೆಚ್ಚು. ಹೃದಯದ ತೊಂದರೆಗೆ ಫ್ಯೂರೋಸೆಮೈಡ್ ಎಂಬ ನೀರಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಿಗೆ ಮೂತ್ರದಲ್ಲಿ ಬಿ1 ಹರಿದುಹೋಗುತ್ತದೆ. ಊತ ಇಳಿಸಲು ತೆಗೆದುಕೊಳ್ಳುವ ಮಾತ್ರೆಯೇ ಊತಕ್ಕೆ ಇನ್ನೊಂದು ಕಾರಣವನ್ನು ಕೂಡಿಹಾಕುವುದು ವಿಚಿತ್ರವಾದರೂ ನಿಜ. ಬಸುರಿನಲ್ಲಿ ವಾರಗಟ್ಟಲೆ ವಾಂತಿ ಆದವರು, ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡವರು, ಡಯಾಲಿಸಿಸ್‌ನಲ್ಲಿರುವವರು ಕೂಡ ಇದ್ದಾರೆ. ಇನ್ನೊಬ್ಬರನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ: ಬಾಣಂತಿಯರು. ಬೇಳೆ ವಾಯು, ಸೊಪ್ಪು ಶೀತ ಎಂದು ತಿಂಗಳುಗಟ್ಟಲೆ ಬಿಳಿ ಅನ್ನಕ್ಕೆ ಮೆಣಸಿನ ಸಾರು ಮಾತ್ರ ಬಡಿಸಿದರೆ ತಾಯಿಯ ಹಾಲಿನಲ್ಲೂ ಬಿ1 ಇಳಿಯುತ್ತದೆ. ಎದೆಹಾಲನ್ನಷ್ಟೇ ಕುಡಿಯುವ ಎಳೆಗೂಸುಗಳು ಇದರಿಂದ ಉಸಿರಾಟದ ತೀವ್ರ ತೊಂದರೆಗೆ ಬಿದ್ದು, ಥಯಾಮಿನ್ ಕೊಟ್ಟ ಮೇಲೆ ಚೇತರಿಸಿಕೊಂಡದ್ದನ್ನು ಬೆಂಗಳೂರಿನ ಮಕ್ಕಳ ಹೃದ್ರೋಗ ತಜ್ಞರು ದಾಖಲಿಸಿದ್ದಾರೆ. ಬಾಣಂತಿ ಪಥ್ಯದಲ್ಲಿ ಬೇಳೆ ಇರಲಿ.

ದಿನಕ್ಕೆ ಬೇಕಾದ ಬಿ1 ಒಂದೆರಡು ಮಿಲಿಗ್ರಾಂ ಅಷ್ಟೇ. ದೇಹ ಇದನ್ನು ಕೂಡಿಡುವುದೂ ಕಡಿಮೆ, ಎರಡು ಮೂರು ವಾರದಲ್ಲಿ ಖಾಲಿ. ಆದ್ದರಿಂದ ಅಡುಗೆಮನೆಯಲ್ಲಿ ಸಣ್ಣದೆನಿಸುವ ಕೆಲವು ಬದಲಾವಣೆಗಳೇ ಸಾಕು. ಅಕ್ಕಿಯನ್ನು ನೀರು ತಿಳಿಯಾಗುವ ತನಕ ಉಜ್ಜಿ ಉಜ್ಜಿ ತೊಳೆಯಬೇಡಿ, ಆ ಬೆಳ್ಳಗಿನ ನೀರಿನ ಜೊತೆ ಹೋಗುವುದು ಧೂಳು ಮಾತ್ರವಲ್ಲ. ಒಂದೆರಡು ಸಲ ಸಾಕು. ಅನ್ನ ಬಸಿಯುವ ಅಭ್ಯಾಸವಿದ್ದರೆ ತಿಳಿಗಂಜಿ ಚೆಲ್ಲದೆ ಕುಡಿಯಿರಿ, ಇಲ್ಲವೇ ಸಾರಿಗೆ ಸೇರಿಸಿ. ಕಾಳು ಬೇಗ ಬೇಯಲೆಂದು ಅಡುಗೆ ಸೋಡಾ ಹಾಕಿದರೆ ಬಿ1 ಹಾಳಾಗುತ್ತದೆ. ಕಾಳನ್ನು ರಾತ್ರಿ ನೆನೆಸಿಟ್ಟು ಕುಕ್ಕರಿಗೆ ಹಾಕಿದರೆ ಸೋಡಾ ಏಕೆ? ಊಟದ ಜೊತೆಜೊತೆಗೇ ಕಡು ಕಾಫಿ, ಟೀ ಕುಡಿಯುವುದು, ಇಡೀ ದಿನ ಅಡಿಕೆ ಜಗಿಯುವುದು ಕೂಡ ಬಿ1ಗೆ ಅಡ್ಡ ಬರುತ್ತದೆ. ತೊಗರಿಬೇಳೆ, ಹೆಸರುಕಾಳು, ಕಡಲೆಕಾಯಿ, ಎಳ್ಳು, ರಾಗಿ ತಟ್ಟೆಯಲ್ಲಿ ದಿನಾ ಯಾವ ರೂಪದಲ್ಲಾದರೂ ಇದ್ದರೆ ಸಾಮಾನ್ಯ ಆರೋಗ್ಯದವರಿಗೆ ಬಿ1 ಮಾತ್ರೆ ಬೇಕಾಗುವುದಿಲ್ಲ.

ಮೇಲೆ ಹೇಳಿದ ಗುಂಪಿನಲ್ಲಿ ನೀವಿದ್ದರೆ ಡಾಕ್ಟರನ್ನು ನೇರವಾಗಿಯೇ ಕೇಳಿ: ‘ನಾನು ಇಷ್ಟು ವರ್ಷದಿಂದ ನೀರಿನ ಮಾತ್ರೆ ತಗೋತಾ ಇದೀನಿ, ಥಯಾಮಿನ್ ಬೇಕಾ?’ ಬಿ1 ಹೆಚ್ಚಾದರೂ ಮೂತ್ರದಲ್ಲಿ ಹೋಗುತ್ತದೆ, ತೊಂದರೆ ತೀರಾ ಕಡಿಮೆ. ಹಾಗೆಂದು ಹೃದಯದ ಕಾಯಿಲೆ ಇರುವ ಎಲ್ಲರಿಗೂ ಕೊಟ್ಟು ನೋಡಿದ ಅಧ್ಯಯನಗಳಲ್ಲಿ ಫಲ ಒಂದೇ ರೀತಿ ಬಂದಿಲ್ಲ. ಕೊರತೆ ಇದ್ದವರಿಗೇ ಇದರ ಲಾಭ.

ಬಿ6, ಮೆಗ್ನೀಷಿಯಂ: ಮುಟ್ಟಿನ ಮುಂಚಿನ ಊತಕ್ಕೆ

ತಿಂಗಳ ಮುಟ್ಟಿಗೆ ಒಂದು ವಾರ ಮುಂಚಿನಿಂದ ಹೊಟ್ಟೆ ಉಬ್ಬರ, ಎದೆ ಭಾರ, ಬೆರಳು ಊದುವುದು, ಒಂದೆರಡು ಕಿಲೋ ತೂಕ ಏರುವುದು, ಮುಟ್ಟು ಶುರುವಾದ ಮೇಲೆ ತಾನಾಗಿ ಇಳಿಯುವುದು. ಇದು ಬೇರೆಯೇ ಜಾತಿಯ ಊತ, ಕಾಯಿಲೆಯಲ್ಲ. ಎರಡು ತಿಂಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿ. ಊತ ಮುಟ್ಟಿನ ಹಿಂದೆಮುಂದೆಯೇ ಬಂದು ಹೋಗುತ್ತಿದ್ದರೆ ಮಾತ್ರ ಈ ಭಾಗ ನಿಮಗೆ.

ಬಿ6 ಅಂದರೆ ಪಿರಿಡಾಕ್ಸಿನ್. ಮುಟ್ಟಿನ ಮುಂಚಿನ ತೊಂದರೆಗೆ ಇದನ್ನು ಕೊಟ್ಟು ನೋಡಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 1999ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ವಿಮರ್ಶೆ ಬಂತು. ದಿನಕ್ಕೆ 100 ಮಿಲಿಗ್ರಾಂವರೆಗೆ ಸ್ವಲ್ಪ ಅನುಕೂಲ ಆಗಬಹುದು, ಆದರೆ ಅಧ್ಯಯನಗಳ ಗುಣಮಟ್ಟ ಚೆನ್ನಾಗಿಲ್ಲ ಎಂಬುದು ಅದರ ಸಾರ. ಮೆಗ್ನೀಷಿಯಂ ವಿಟಮಿನ್ ಅಲ್ಲ, ಖನಿಜ. 1998ರ ಒಂದು ಸಣ್ಣ ಬ್ರಿಟಿಷ್ ಅಧ್ಯಯನದಲ್ಲಿ ದಿನಕ್ಕೆ 200 ಮಿಲಿಗ್ರಾಂ ತೆಗೆದುಕೊಂಡವರಿಗೆ ಇದೇ ನೀರು ನಿಲ್ಲುವ ತೊಂದರೆ ಎರಡನೆಯ ತಿಂಗಳಲ್ಲಿ ಕಡಿಮೆಯಾಯಿತು, ಮೊದಲ ತಿಂಗಳಲ್ಲಿ ಏನೂ ಆಗಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟಾಗಲೂ ಊತ ಸೇರಿದಂತೆ ಹಲವು ಲಕ್ಷಣ ತಗ್ಗಿದವು. ನನ್ನ ಮಟ್ಟಿಗೆ ಕ್ಯಾಲ್ಸಿಯಂನ ಆಧಾರವೇ ಇವುಗಳಲ್ಲಿ ಹೆಚ್ಚು ಗಟ್ಟಿ. ಆದರೂ ಅಂಗಡಿಯಲ್ಲಿ ಹೆಚ್ಚು ಹೆಸರು ಕೇಳುವುದು ಬಿ6ನದೇ.

ಬಿ6 ವಿಷಯದಲ್ಲಿ ಎಚ್ಚರ ಬೇಕು. ನೀರಲ್ಲಿ ಕರಗುವ ವಿಟಮಿನ್, ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ ಎಂಬ ಮಾತು ಇದಕ್ಕೆ ಅನ್ವಯಿಸುವುದಿಲ್ಲ. ಹೆಚ್ಚಿನ ಡೋಸ್ ತಿಂಗಳುಗಟ್ಟಲೆ ತೆಗೆದುಕೊಂಡರೆ ನರಗಳೇ ಹಾಳಾಗಿ ಅಂಗಾಲು, ಬೆರಳ ತುದಿ ಜೋಮು ಹಿಡಿಯುತ್ತದೆ, ನಡೆಯುವಾಗ ತೋಲ ತಪ್ಪುತ್ತದೆ. ಅಮೆರಿಕದಲ್ಲಿ ದಿನಕ್ಕೆ 100 ಮಿಲಿಗ್ರಾಂ ಮೇಲ್ಮಿತಿ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ತನ್ನ ಮಿತಿಯನ್ನು 12 ಮಿಲಿಗ್ರಾಂಗೆ ಇಳಿಸಿತು. ಇಷ್ಟು ಅಂತರ ಇರುವುದರಿಂದ ಡಾಕ್ಟರು ಹೇಳದೆ ದೊಡ್ಡ ಡೋಸಿನ ಬಿ6ಗೆ ಕೈ ಹಾಕಬೇಡಿ. ಬಾಳೆಹಣ್ಣು, ಆಲೂಗಡ್ಡೆ, ಕಡಲೆಕಾಳು, ಮೀನು, ಕೋಳಿಯಲ್ಲಿ ಬಿ6 ಬೇಕಾದಷ್ಟಿದೆ. ಮೆಗ್ನೀಷಿಯಂ ರಾಗಿ, ಸೊಪ್ಪು, ಎಳ್ಳು, ಕಡಲೆಕಾಯಿಯಲ್ಲಿ. ಕ್ಯಾಲ್ಸಿಯಂ ಹಾಲು, ಮೊಸರು, ರಾಗಿಯಲ್ಲಿ. ಮೆಗ್ನೀಷಿಯಂ ಮಾತ್ರೆಯಿಂದ ಕೆಲವರಿಗೆ ಭೇದಿ ಆಗುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರು ಮುಟ್ಟುವುದೇ ಬೇಡ.

ಉಳಿದ ವಿಟಮಿನ್‌ಗಳು

ಬಿ12, ಫೋಲಿಕ್ ಆಸಿಡ್, ಕಬ್ಬಿಣ ಕಡಿಮೆಯಾಗಿ ರಕ್ತಹೀನತೆ ತೀವ್ರವಾದರೆ ಕಾಲು ಊದಬಹುದು. ಹಿಮೋಗ್ಲೋಬಿನ್ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ವಿಟಮಿನ್ ಸಿ ಪೂರ್ತಿ ಇಲ್ಲವಾಗಿ ಸ್ಕರ್ವಿ ಬಂದರೆ ವಸಡಿನಿಂದ ರಕ್ತ ಬರುವುದರ ಜೊತೆ ಕಾಲೂ ಊದುತ್ತದೆ, ಆದರೆ ದಿನಾ ಒಂದು ಸೀಬೆಹಣ್ಣೋ ನೆಲ್ಲಿಕಾಯಿಯೋ ತಿನ್ನುವವರಿಗೆ ಆ ಭಯವಿಲ್ಲ. ವಿಟಮಿನ್ ಡಿ ಮೂಳೆಗೆ ಬೇಕು, ಊತಕ್ಕೆಂದು ತಗೊಳ್ಳುವುದಲ್ಲ.

ವಯಸ್ಸಾದವರಲ್ಲಿ ವಿಟಮಿನ್‌ಗಿಂತ ಪ್ರೋಟೀನ್ ಕಡೆ ನೋಡಿ. ಹಲ್ಲಿಲ್ಲ, ರುಚಿಯಿಲ್ಲ ಎಂದು ಎರಡು ಹೊತ್ತೂ ಅನ್ನ ಮಜ್ಜಿಗೆಯಲ್ಲೇ ದಿನ ತಳ್ಳುವ ಅಜ್ಜಿಯ ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇಳಿದರೆ, ನೀರನ್ನು ರಕ್ತನಾಳದೊಳಗೆ ಹಿಡಿದಿಡುವ ಶಕ್ತಿ ಹೋಗಿ ಅದು ಹೊರಗೆ ಜಿನುಗುತ್ತದೆ. ಮೆತ್ತಗೆ ಬೇಯಿಸಿದ ಬೇಳೆ, ಗಟ್ಟಿ ಮೊಸರು, ತಿನ್ನುವವರಾದರೆ ಮೊಟ್ಟೆ. ಮೂತ್ರಪಿಂಡದ ಕಾಯಿಲೆ ಇದ್ದರೆ ಪ್ರೋಟೀನ್ ಎಷ್ಟೆಂದು ಡಾಕ್ಟರೇ ಹೇಳಬೇಕು.

ಉಪ್ಪಿನ ಪ್ಯಾಕೆಟ್ ಮೇಲೆ ತಾರೀಖು ಬರೆಯಿರಿ

ಈಗ ಉಪ್ಪಿನಕಾಯಿಗೆ ಬರೋಣ. ಬಹಳ ಜನರ ವಿಷಯದಲ್ಲಿ ಯಾವ ವಿಟಮಿನ್ನೂ ಮಾಡದ ಕೆಲಸವನ್ನು ಉಪ್ಪು ಕಡಿಮೆ ಮಾಡುವುದು ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಒಂದು ಟೀ ಚಮಚದಷ್ಟೂ ಇಲ್ಲ. ‘ನಾವು ಕಡಿಮೆ ಉಪ್ಪೇ ತಿನ್ನೋದು’ ಎಂದು ಎಲ್ಲರೂ ಹೇಳುತ್ತಾರೆ. ಪರೀಕ್ಷೆ ಸುಲಭ. ಹೊಸ ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ. ನಾಲ್ಕು ಜನ ದೊಡ್ಡವರ ಮನೆಯಲ್ಲಿ ತಲೆಗೆ 5 ಗ್ರಾಂ ಎಂದರೆ ದಿನಕ್ಕೆ 20 ಗ್ರಾಂ, ಪ್ಯಾಕೆಟ್ 50 ದಿನ ಬರಬೇಕು. ಅದೂ ಹೊರಗಿನ ಊಟ, ಚಿಪ್ಸ್, ಬ್ರೆಡ್, ಅಂಗಡಿಯ ಹಪ್ಪಳ, ಉಪ್ಪಿನಕಾಯಿ ಬಿಟ್ಟು. ಮೂರೇ ವಾರದಲ್ಲಿ ಮುಗಿದರೆ ಕಾಲೂತಕ್ಕೆ ಎಲ್ಲಿಂದ ಕೆಲಸ ಶುರು ಮಾಡಬೇಕೆಂದು ತಿಳಿಯಿತು.

ಒಂದೇ ದಿನದಲ್ಲಿ ಸಪ್ಪೆ ಊಟ ಬಡಿಸಿದರೆ ಮನೆಯಲ್ಲಿ ಜಗಳವೇ. ಅನ್ನಕ್ಕೆ, ಚಪಾತಿ ಹಿಟ್ಟಿಗೆ ಹಾಕುವ ಉಪ್ಪನ್ನು ಮೊದಲು ಬಿಡಿ, ಅದು ನಾಲಗೆಗೆ ಗೊತ್ತೇ ಆಗುವುದಿಲ್ಲ. ಆಮೇಲೆ ಮಜ್ಜಿಗೆಯದು. ಸಂಡಿಗೆ, ಬಾಳಕದ ಮೆಣಸಿನಕಾಯಿಯನ್ನು ಹಬ್ಬಕ್ಕೆ ಇಟ್ಟುಕೊಳ್ಳಿ. ಸಾರಿಗೆ ನಿಂಬೆಹುಳಿ, ಹುಣಸೆ, ಒಗ್ಗರಣೆಯ ಇಂಗು ಸ್ವಲ್ಪ ಮುಂದಾಗಿರಲಿ.

ಉಪ್ಪಿನ ಸೋಡಿಯಂಗೆ ಎದುರಾಗಿ ನಿಲ್ಲುವುದು ಪೊಟ್ಯಾಸಿಯಂ. ಎಳನೀರು, ಬಾಳೆಹಣ್ಣು, ಸೊಪ್ಪು, ಬೇಳೆಕಾಳುಗಳಲ್ಲಿ ಅದು ಹೇರಳ. ಮೂತ್ರಪಿಂಡ ಸರಿಯಾಗಿರುವವರಿಗೆ ಒಳ್ಳೆಯದೇ. ಆದರೆ ಕ್ರಿಯಾಟಿನಿನ್ (ಮೂತ್ರಪಿಂಡ ಸೋತರೆ ರಕ್ತದಲ್ಲಿ ಹೆಚ್ಚುವ ಅಂಶ) ಏರಿರುವವರು, ಬಿಪಿಗೆ, ಹೃದಯಕ್ಕೆ ಕೊಡುವ ರ‍್ಯಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ದಿನಾ ಎಳನೀರು ಕುಡಿಯುವುದು, ‘ಲೋ ಸೋಡಿಯಂ’ ಉಪ್ಪು ಬಳಸುವುದು ಬೇಡ. ಆ ಉಪ್ಪಿನಲ್ಲಿ ಸೋಡಿಯಂ ಬದಲಿಗೆ ಸೇರಿಸಿರುವುದು ಪೊಟ್ಯಾಸಿಯಂ. ರಕ್ತದಲ್ಲಿ ಅದು ಮಿತಿ ಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ.

ಬಾರ್ಲಿ ನೀರಿನ ಬಗ್ಗೆ ಕೇಳುತ್ತೀರಿ ಎಂದು ಗೊತ್ತು. ಕುಡಿಯಿರಿ, ಮೂತ್ರ ಸರಾಗ ಹೋಗುತ್ತದೆ, ನೀರು ಕುಡಿದರೂ ಅಷ್ಟೇ ಹೋಗುತ್ತದೆ. ಹೃದಯದ ಕಾಯಿಲೆಯಿಂದ ದಿನಕ್ಕೆ ಇಷ್ಟೇ ನೀರು ಎಂದು ಮಿತಿ ಹಾಕಿಸಿಕೊಂಡವರು ಬಾರ್ಲಿ ನೀರನ್ನೂ ಆ ಲೆಕ್ಕಕ್ಕೇ ಸೇರಿಸಬೇಕು.

ಇಡೀ ದಿನ ನಿಂತು ಕೆಲಸ ಮಾಡುವವರು, ರಾತ್ರಿ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕೂರುವವರು ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು. ಮೀನಖಂಡ ಬಿಗಿದು ಸಡಿಲವಾದಾಗಲೇ ಕಾಲಿನ ರಕ್ತ ಮೇಲಕ್ಕೆ ಹೋಗುವುದು. ಮನೆಗೆ ಬಂದ ಮೇಲೆ ಇಪ್ಪತ್ತು ನಿಮಿಷ ಮಲಗಿ, ಪಾದ ಎದೆಗಿಂತ ಎತ್ತರವಿರುವಂತೆ ದಿಂಬು ಜೋಡಿಸಿಕೊಳ್ಳಿ. ಉಸಿರು ಕಟ್ಟುವವರು ಹೀಗೆ ಮಲಗಬಾರದು.

ಮಾತ್ರೆ ತಗೊಳ್ಳಲೇಬೇಕು ಎಂದಾದರೆ

ಒಂದು ಸಲಕ್ಕೆ ಒಂದೇ. ಬಿ1, ಬಿ6, ಮೆಗ್ನೀಷಿಯಂ ಮೂರನ್ನೂ ಒಟ್ಟಿಗೆ ಶುರು ಮಾಡಿದರೆ ಊತ ಇಳಿದರೂ ಯಾವುದರಿಂದ ಎಂದು ತಿಳಿಯುವುದಿಲ್ಲ, ಭೇದಿಯಾದರೂ ಯಾವುದರಿಂದ ಎಂದು ತಿಳಿಯುವುದಿಲ್ಲ. ಮುಟ್ಟಿನ ಊತಕ್ಕಾದರೆ ಎರಡು ಮೂರು ತಿಂಗಳು ನೋಡಿ. ಟೇಪಿನ ಅಳತೆಯೂ ತಕ್ಕಡಿಯ ಅಂಕಿಯೂ ಬದಲಾಗದಿದ್ದರೆ ನಿಲ್ಲಿಸಿ.

ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರವನ್ನು ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ‘ಪಿರಿಡಾಕ್ಸಿನ್’ ಎಂಬುದರ ಮುಂದೆ ಎಷ್ಟು ಮಿಲಿಗ್ರಾಂ ಇದೆ ನೋಡಿ. ಸಾಮಾನ್ಯ ಬಿ ಕಾಂಪ್ಲೆಕ್ಸ್‌ನಲ್ಲಿ ಕೆಲವೇ ಮಿಲಿಗ್ರಾಂ ಇರುತ್ತದೆ, ನರದ ಮಾತ್ರೆ ಎಂದು ಕೊಡುವ ಕೆಲವದರಲ್ಲಿ ಹತ್ತಾರು ಪಟ್ಟು ಹೆಚ್ಚು. ಸಕ್ಕರೆ ಕಾಯಿಲೆಯ ಡಾಕ್ಟರು ಬರೆದದ್ದು ಒಂದು, ಮಂಡಿಯ ಡಾಕ್ಟರು ಬರೆದದ್ದು ಇನ್ನೊಂದು, ನೀವೇ ಕೊಂಡ ಮಲ್ಟಿವಿಟಮಿನ್ ಮತ್ತೊಂದು, ಮೂರರಲ್ಲೂ ಬಿ6 ಇರುವುದು ಅಪರೂಪವಲ್ಲ. ಕೂಡಿಸಿ ಒಂದು ಚೀಟಿಯಲ್ಲಿ ಬರೆದು, ತೂಕದ ಪಟ್ಟಿಯ ಜೊತೆಗೆ ಮುಂದಿನ ಸಲ ಡಾಕ್ಟರ ಮೇಜಿನ ಮೇಲಿಡಿ. ಮೂತ್ರದಲ್ಲಿ ಪ್ರೋಟೀನ್, ಕ್ರಿಯಾಟಿನಿನ್, ಆಲ್ಬುಮಿನ್, ಥೈರಾಯ್ಡ್ ಅಳೆಯುವ ಟಿಎಸ್‌ಎಚ್, ಹಿಮೋಗ್ಲೋಬಿನ್ ಪರೀಕ್ಷೆ ಈ ಮೊದಲು ಆಗಿದ್ದರೆ ಆ ರಿಪೋರ್ಟುಗಳನ್ನೂ ಅದೇ ಚೀಲದಲ್ಲಿ ಹಾಕಿಕೊಳ್ಳಿ. ಆಗಿಲ್ಲದಿದ್ದರೆ ಅಲ್ಲೇ ಕೇಳಿ ಬರೆಸಿಕೊಳ್ಳಿ.